ಅಕ್ಕನ ಮುಖದ ಮೇಲೆ ಬಿದ್ದ ಬೆಳಕು

ವಿಜಯನಗರ
3 ಮಾರ್ಚ್ 2025

ಉಗ್ರಪ್ಪ,

ಹತ್ತೊಂಬತ್ತು ವರ್ಷದ ಮೇಲೆ ನನ್ನ ಕೈಬರಹ ಕಂಡು ಈ ಕಾಗದವನ್ನು ಹರಿಯಬೇಕು ಅನ್ನಿಸಿದರೆ, ಓದಿದ ಮೇಲೆ ಹರಿ. ಎರಡು ಸಲ ಫೋನ್ ಮಾಡಿದೆ. ನನ್ನ ಹೆಸರು ಕೇಳಿದ ಕೂಡಲೇ ನೀನು ಕಟ್ ಮಾಡಿದೆ. ಅದಕ್ಕೇ ಕುರುಬರಹಳ್ಳಿಯ ಹಳೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಿರ್ದೇಶಕ ಚನ್ನವೀರೇಶ್ ಅವರಿಗೆ ಬರುವ ಆಗಸ್ಟ್‌ಗೆ ಎಂಬತ್ತು ತುಂಬುತ್ತದೆ. ಅಭಿನಂದನ ಗ್ರಂಥ ಬರುತ್ತಿದೆ. ನಾನು ಸಂಪಾದಕ. ಇಲ್ಲಿಯವರೆಗೆ ಬಂದಿರುವ ಲೇಖನಗಳನ್ನೆಲ್ಲ ಓದಿದೆ. ಒಬ್ಬರೂ ಸಿನಿಮಾ ನೋಡಿದಂತಿಲ್ಲ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿಕೊಂಡು ಬರೆದಂತಿದೆ. ಅವರ ಹನ್ನೊಂದು ಸಿನಿಮಾಗಳನ್ನೂ ಟಿಕೆಟ್ ಕೊಂಡು, ಒಂದೊಂದನ್ನು ಹತ್ತು ಹತ್ತು ಸಲ ನೋಡಿ, ಪಾಳಿ ಮುಗಿಸಿ ಬಂದು ರಾತ್ರಿಯೆಲ್ಲ ನನ್ನ ತಲೆ ತಿಂದವನು ನೀನು. ನಿನಗಿಂತ ದೊಡ್ಡ ಅಭಿಮಾನಿ ಆ ಮನುಷ್ಯನಿಗೆ ಇರಲಿಲ್ಲ, ನಿನಗಿಂತ ದೊಡ್ಡ ಶತ್ರುವೂ ಇರಲಿಲ್ಲ. ಒಂದು ಲೇಖನ ಬರೆದುಕೊಡು.

2006ರಲ್ಲಿ ತುಂಬಿದ ಸಭೆಯಲ್ಲಿ ಎದ್ದು ನಿಂತು ನನ್ನನ್ನು ಅಕಾಡೆಮಿಯ ಎತ್ತು ಎಂದು ಕರೆದಿದ್ದೆ. ಅದನ್ನು ನಾನು ಮರೆತಿಲ್ಲ. ಮರೆಯದೆಯೇ ಕೇಳುತ್ತಿದ್ದೇನೆ.

ಜಂಬಣ್ಣ


ಕುರುಬರಹಳ್ಳಿ
11 ಮಾರ್ಚ್ 2025

ಜಂಬಣ್ಣ,

ಫೋನು ಬೇಡ. ಫೋನಿನಲ್ಲಿ ನೀನು ಮೇಷ್ಟ್ರಾಗಿಬಿಡುತ್ತೀಯ, ಅರ್ಧ ಮಾತಿಗೆ ಬೇರೆ ದಾರಿ ಹಿಡಿಸುತ್ತೀಯ. ಕಾಗದದಲ್ಲಿ ಬರೆದದ್ದು ಬರೆದಲ್ಲೇ ಇರುತ್ತದೆ.

ನಾನು ಹೇಗಿದ್ದೇನೆ ಎಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು. ಲೇತ್ ಮೆಷಿನ್ನಿನ ಸದ್ದಿಗೆ ಒಂದು ಕಿವಿ ಹೋಗಿದೆ. ಕಾರ್ಖಾನೆ ಮುಚ್ಚಿ ಹದಿನಾರು ವರ್ಷ, ಅಲ್ಲಿ ಈಗ ಮದುವೆ ಮಂಟಪವಿದೆ. ವಾರದಲ್ಲಿ ಆರು ದಿನ ಹೋಟೆಲ್ ಊಟ. ಭಾನುವಾರ ಮೂಡಲಪಾಳ್ಯಕ್ಕೆ ಅಂಜನಮ್ಮ ಅಕ್ಕನ ಮನೆಗೆ ಹೋಗುತ್ತೇನೆ. ಅವ್ವ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಅಂದಿನಿಂದ ಮುದ್ದೆ ಹಾಕುತ್ತಿದ್ದಾಳೆ, ಈ ಎಪ್ಪತ್ತೆರಡರಲ್ಲೂ. ಊಟ ಮಾಡುತ್ತಾ ನಾನು ಯಾವುದಾದರೂ ಸಿನಿಮಾ ಕಥೆ ಹೇಳುತ್ತೇನೆ. ಅವಳು ಹ್ಞೂಂಗುಟ್ಟುತ್ತಾಳೆ. ನನ್ನ ಪಾಲಿಗೆ ಸಂಸಾರ ಅಂತ ಉಳಿದಿರುವುದು ಅಷ್ಟೇ.

ಇನ್ನು ನಿನ್ನ ಮಹಾನಿರ್ದೇಶಕ.

‘ಮೂರನೇ ಪಾಳಿ’. ಮೊದಲ ಸಿನಿಮಾ. ಹದಿನಾಲ್ಕು ಸಲ ನೋಡಿದೆ. ಅದರಲ್ಲಿ ಲೇತ್ ನಡೆಸುವ ಒಬ್ಬ ಟರ್ನರ್ ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಅಂಟಿದ ಕಬ್ಬಿಣದ ಚೂರನ್ನು ಊದುವುದಿಲ್ಲ, ಪ್ಯಾಂಟಿಗೆ ಒರೆಸುವುದಿಲ್ಲ, ಹಲ್ಲಿನಿಂದ ಕಿತ್ತು ಉಗಿಯುತ್ತಾನೆ. ಅದು ಟರ್ನರುಗಳಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರದ ವಿಷಯ. ಆ ಶಾಟ್ ನೋಡಿದಾಗ ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಫಿಟ್ಟರ್ ಒಬ್ಬ ‘ಇವ್ನು ನಮ್ಮೋನು ಕಣ್ಲಾ’ ಎಂದ. ಅವತ್ತಿನಿಂದ ನಾನೂ ಹಾಗೇ ನಂಬಿದೆ. ನಂಬಿಕೆ ಅಂದರೆ ಸಾಮಾನ್ಯ ನಂಬಿಕೆಯಲ್ಲ. ದೇವರನ್ನು ಬಿಟ್ಟಿದ್ದೆನಲ್ಲ, ಆ ಜಾಗ ಖಾಲಿ ಇತ್ತು.

‘ಅರ್ಜಿದಾರ’. ಇಂಟರ್‌ವಲ್ ತನಕ ಬೆಂಕಿ. ಆಮೇಲೆ ಒಬ್ಬ ಕನ್ನಡಕದ ವಕೀಲ ಬರುತ್ತಾನೆ, ಅಲ್ಲಿಂದ ಬಡವರೆಲ್ಲ ಅವನ ಬೆನ್ನಿಗೆ ಗೋಡೆಯ ಹಾಗೆ ನಿಂತುಬಿಡುತ್ತಾರೆ. ಗೋಡೆಗೆ ಬಾಯಿಲ್ಲ.

‘ಬಿಳಿ ಕೊಡೆ’. ವಿದೇಶಕ್ಕೆ ಹೋಗಿ ಬಂದ ಸಿನಿಮಾ. ಬಡತನಕ್ಕೆ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದಾನೆ. ಒಂದು ಮಡಕೆಯನ್ನು ನಾಲ್ಕು ನಿಮಿಷ ತೋರಿಸುತ್ತಾನೆ, ಅದರಲ್ಲಿ ನೀರಿದೆಯೋ ಇಲ್ಲವೋ ಹೇಳುವುದಿಲ್ಲ.

‘ತೂಕದ ಕಲ್ಲು’. ಇಲ್ಲಿಂದಾಚೆ ದುಃಖವೆಲ್ಲ ಜಮೀನ್ದಾರನದು. ಆಳು ಸತ್ತರೆ ಅದೊಂದು ಸುದ್ದಿ. ಒಡೆಯನಿಗೆ ನಿದ್ದೆ ಬರದಿದ್ದರೆ ಅದು ಕಥೆ. ಕಡೆಯದು ‘ಸಂಜೆಯ ಪೀಠಿಕೆ’. ಒಬ್ಬ ಮುದುಕ ನಿರ್ದೇಶಕ ಜಗಲಿಯಲ್ಲಿ ಕೂತು ತನ್ನ ಬಗ್ಗೆ ಮರುಗುತ್ತಾನೆ. ಬೀದಿಯಲ್ಲಿದ್ದ ಕ್ಯಾಮರಾ ಇಪ್ಪತ್ತೈದು ವರ್ಷ ನಡೆದು ನಡೆದು ಕೊನೆಗೆ ಅವನ ಮನೆಯ ಒಳಗೇ ಹೋಗಿ ಕೂತಿತು. ಮಿಕ್ಕ ಐದರ ಬಗ್ಗೆ ಬರೆದು ಶಾಯಿ ಹಾಳು ಮಾಡಲಾರೆ.

ಇನ್ನೊಂದು ಮಾತು. ಹನ್ನೊಂದು ಸಿನಿಮಾದಲ್ಲೂ ಬಡವರು ಒಂದು ಸಲವೂ ನಗುವುದಿಲ್ಲ. ತಮ್ಮ ಜಾತಿಯ ಹೆಸರನ್ನೂ ಎತ್ತುವುದಿಲ್ಲ. ರೈಲು ಹಳಿ ಪಕ್ಕದ ನಮ್ಮ ಗುಡಿಸಲ ಸಾಲಿನಲ್ಲಿ ಈ ಎರಡನ್ನೂ ಮಾಡದೆ ಒಂದು ದಿನ ಕಳೆದದ್ದಿತ್ತಾ? ನೀನೇ ಬಂದು ನೋಡಿದ್ದೀಯ.

ಒಂದಕ್ಷರ ಕತ್ತರಿಸುವುದಿಲ್ಲ ಎಂದು ಮಾತು ಕೊಟ್ಟರೆ ಇದನ್ನೇ ಹಿಗ್ಗಿಸಿ ಬರೆಯುತ್ತೇನೆ.

ಉಗ್ರಪ್ಪ


ವಿಜಯನಗರ
29 ಮಾರ್ಚ್ 2025

ಪ್ರಿಯ ಉಗ್ರಪ್ಪ,

ಮಾತು ಕೊಟ್ಟಿದ್ದೇನೆ. ಒಂದಕ್ಷರ ಮುಟ್ಟುವುದಿಲ್ಲ. ನಿನ್ನ ಕಾಗದವನ್ನು ಹೆಂಡತಿ ಗುರುದೇವಿಗೆ ಓದಿ ಹೇಳಿದೆ. ಮಡಕೆಯ ವಿಷಯಕ್ಕೆ ಅವಳು ನಕ್ಕದ್ದನ್ನು ನೋಡಿ ನನಗೂ ನಗು ಬಂತು. ಆ ಸಿನಿಮಾಕ್ಕೆ ನಾನು ಆರು ಪುಟ ವಿಮರ್ಶೆ ಬರೆದಿದ್ದೆ.

ಆದರೆ ಮಿಕ್ಕದ್ದು ಐದಲ್ಲ, ಆರು. ‘ನೆಲಸಮ’ದ ಮಾತೇ ಇಲ್ಲ. 1985ರ ಆ ಸಿನಿಮಾವನ್ನು ಬಿಟ್ಟು ಚನ್ನವೀರೇಶ್ ಬಗ್ಗೆ ಬರೆದರೆ ಯಾರು ಒಪ್ಪುತ್ತಾರೆ? ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೆ. ಇವತ್ತಿಗೂ ಎಲ್ಲಿ ಗುಡಿಸಲು ಕಿತ್ತರೂ ನಮ್ಮ ಹುಡುಗರು ಪ್ರತಿಭಟನೆಗೆ ಹಿಡಿಯುವ ಫಲಕದಲ್ಲಿ ಅದರ ಮಾತಿರುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಬೇರೆಯವರಿಂದ ತಿಳಿಯುವುದು ಬೇಡ. ಗ್ರಂಥದ ಮುಖಪುಟಕ್ಕೆ ಸಮಿತಿಯವರು ಆ ಶಾಟನ್ನೇ ಆರಿಸಿದ್ದಾರೆ. ಗುಡಿಸಲ ಬಿದಿರಿನ ಗಳುವನ್ನು ತಬ್ಬಿಕೊಂಡು ಅಂಜನಮ್ಮ ಕೂಗುವ ಶಾಟು. ಅವರ ಒಪ್ಪಿಗೆ ಪಡೆಯುವುದು ಧರ್ಮ ಎಂದು ನಾನು ಹಟ ಹಿಡಿದು ಒಂದು ಪತ್ರ ಸಿದ್ಧಮಾಡಿಸಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ. ಅಕ್ಕನ ಸಹಿ ಹಾಕಿಸಿ ಕಳಿಸು.

ನಿನ್ನ
ಜಂಬಣ್ಣ


ಕುರುಬರಹಳ್ಳಿ
9 ಏಪ್ರಿಲ್ 2025

ಜಂಬಣ್ಣ,

ಮತ್ತೆ ಒಪ್ಪಿಗೆ ಪತ್ರ ತಂದೆಯಲ್ಲ. ನಲವತ್ತು ವರ್ಷದಲ್ಲಿ ನಿನ್ನ ಕೈಗೆ ಬೇರೆ ಕಾಗದ ಸಿಗಲಿಲ್ಲವೇ?

ಲೇಖನ ಬೇಕು ಅಂದೆ. ತಗೋ, ‘ನೆಲಸಮ’ದ ಬಗ್ಗೆ ನನ್ನ ವಿಮರ್ಶೆ. ನಿನಗೆ ಗೊತ್ತಿರುವುದೇ. ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ, ಹೀಗೇ ಅಚ್ಚು ಹಾಕಿಸು.

ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನ ಹಿಂದೆ, ರೈಲು ಹಳಿಯ ಪಕ್ಕ ಮೂವತ್ತನಾಲ್ಕು ಗುಡಿಸಲಿದ್ದವು. ನನ್ನದೂ ನಮ್ಮಕ್ಕನದೂ ಒಂದೇ. ಭಾವ ತೀರಿಕೊಂಡಿದ್ದ, ಅಕ್ಕನ ಮಗಳು ಕಲಾಗೆ ಆಗ ನಾಲ್ಕು ವರ್ಷ. ನಿರ್ದೇಶಕ ಚನ್ನವೀರೇಶ್ ಬಂದ. ಬಡವರನ್ನು ಎತ್ತಂಗಡಿ ಮಾಡುವ ಸರ್ಕಾರದ ವಿರುದ್ಧ ಸಿನಿಮಾ ಮಾಡುತ್ತೇನೆ, ಸೆಟ್ ಹಾಕಿದರೆ ಸುಳ್ಳಾಗುತ್ತದೆ, ನಿಜವಾದ ಗುಡಿಸಲು ಉರುಳಬೇಕು ಎಂದ. ಚಳವಳಿಯ ನಾವು, ಅಂದರೆ ನಾನು ಮತ್ತು ಜಂಬಣ್ಣ, ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದೆವು. ಇದು ನಮ್ಮ ಸಿನಿಮಾ, ಕೂಲಿ ಕೇಳಬಾರದು, ನಮ್ಮ ಗುಡಿಸಲನ್ನು ನಾವೇ ಬಿಚ್ಚಿಕೊಡೋಣ, ವಾರದಲ್ಲಿ ಹೊಸ ಬಿದಿರು ಹೊಸ ತಗಡು ಬರುತ್ತದೆ ಎಂದೆವು. ಬಲವಂತ ಮಾಡಿದರು ಅಂತ ನಾಳೆ ಯಾರೂ ಹೇಳಬಾರದೆಂದು ಜಂಬಣ್ಣ ಒಂದು ಪತ್ರ ಬರೆದ. ‘ನಾವು ಸ್ವಇಚ್ಛೆಯಿಂದ ನಮ್ಮ ಗುಡಿಸಲುಗಳನ್ನು ತೆರವು ಮಾಡುತ್ತಿದ್ದೇವೆ.’ ಕೆಳಗೆ ಮೂವತ್ತನಾಲ್ಕು ಹೆಬ್ಬೆಟ್ಟು. ಜನರನ್ನು ಕೇಳದೆ ಏನನ್ನೂ ಮಾಡಬಾರದು ಎಂದು ನಾವು ಕಲಿತಿದ್ದೆವು. ಕಲಿತದ್ದನ್ನು ಮಾಡಿದೆವು.

ಎರಡು ದಿನ ಶೂಟಿಂಗ್. ಜನ ನಗುನಗುತ್ತಾ ತಮ್ಮ ಮನೆ ತಾವೇ ಕಿತ್ತರು. ಬಿದಿರು ಬರಲಿಲ್ಲ. ಎಲ್ಲರೂ ಹರಕು ಟಾರ್ಪಾಲಿನ ಕೆಳಗೆ ಇದ್ದರು. ಒಂಬತ್ತನೇ ದಿನ ನಿಜವಾದ ಜೀಪು ಬಂತು. ಇಳಿದ ಅಧಿಕಾರಿಯ ಕೈಯಲ್ಲಿ ನಮ್ಮ ಪತ್ರದ ಪ್ರತಿ ಇತ್ತು. ಸಿನಿಮಾ ಕಂಪನಿಯವರು ಶೂಟಿಂಗ್ ಪರವಾನಗಿಯ ಅರ್ಜಿಗೆ ಅದನ್ನು ಲಗತ್ತಿಸಿದ್ದರಂತೆ. ನೀವೇ ಖಾಲಿ ಮಾಡಿದ್ದೀರಲ್ಲ, ನೀವೇ ಬರೆದುಕೊಟ್ಟಿದ್ದೀರಲ್ಲ ಎಂದ. ಉಳಿದ ಗಳು, ತಗಡು, ಟಾರ್ಪಾಲು ಲಾರಿಗೆ ತುಂಬಿಸಿದ.

ಅಷ್ಟರಲ್ಲಿ ಕ್ಯಾಮರಾ ಬಂತು. ಅಕ್ಕ ಉಳಿದಿದ್ದ ಒಂದು ಬಿದಿರಿನ ಗಳುವನ್ನು ತಬ್ಬಿಕೊಂಡು ಕೂಗುತ್ತಿದ್ದಳು. ಮಧ್ಯಾಹ್ನದ ಪಾಳಿಗೆ ಬಂದಿದ್ದ ಕಾರ್ಮಿಕರು ಕಾಂಪೌಂಡ್ ಹತ್ತಿ ಕೂತು ನೋಡಿದರು. ಕ್ಯಾಮರಾ ಇದೆಯಲ್ಲ, ಶೂಟಿಂಗ್ ಅಂದುಕೊಂಡರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಅದನ್ನು ನೀವು ಅಭಿನಯದ ಶಿಖರ ಅಂತ ಕರೆದಿರಿ. ಅದು ಅಭಿನಯ ಅಲ್ಲ. ಒಬ್ಬ ಹೆಂಗಸಿನ ಮನೆ ಹೋಗುವುದನ್ನು ಚನ್ನವೀರೇಶ್ ತಡೆಯಲಿಲ್ಲ, ತೆಗೆದುಕೊಂಡು ಹೋದ. ಇದು ನನ್ನ ವಿಮರ್ಶೆ. ಈಗ ಹಾಕು ಮುಖಪುಟಕ್ಕೆ.

ಉಗ್ರಪ್ಪ


ವಿಜಯನಗರ
24 ಏಪ್ರಿಲ್ 2025

ಉಗ್ರಪ್ಪ,

ನಾಲ್ಕು ಸಲ ಓದಿದೆ. ‘ಅಷ್ಟರಲ್ಲಿ ಕ್ಯಾಮರಾ ಬಂತು’ ಎಂದು ಬರೆದಿದ್ದೀಯ. ಕ್ಯಾಮರಾಕ್ಕೆ ಕಾಲಿಲ್ಲ. ಅವತ್ತು ಗಾಂಧಿನಗರದ ಲಾಡ್ಜಿನಲ್ಲಿ ಚನ್ನವೀರೇಶ್ ಜೊತೆ ನಾನಿದ್ದೆ. ಸೈಕಲ್ ತುಳಿದುಕೊಂಡು ಬಂದು ಬಾಗಿಲು ತಟ್ಟಿದವನು ನೀನು. ಅವರ ವ್ಯಾನಿನಲ್ಲೇ ಮೂವರೂ ಹೋದೆವು, ನಿನ್ನ ಸೈಕಲ್ಲನ್ನು ಅದರ ಮೇಲೆ ಕಟ್ಟಿದ್ದರು.

ಆ ಶಾಟಿನಲ್ಲಿ ಅಕ್ಕನ ಮುಖದ ಮೇಲೆ ಬೀಳುವ ಬೆಳಕನ್ನು ಹೊಗಳದ ವಿಮರ್ಶಕನಿಲ್ಲ. ಸುತ್ತ ಮಬ್ಬು, ಮುಖವೊಂದೇ ಉರಿಯುವ ಹಾಗಿದೆ. ಲೈಟಿನ ಹುಡುಗ ಬಂದಿರಲಿಲ್ಲ. ಬೆಳ್ಳಿ ಹಾಳೆ ಅಂಟಿಸಿದ ಆ ರಿಫ್ಲೆಕ್ಟರ್ ಹಲಗೆಯನ್ನು ಬಿಸಿಲಿಗೆ ಹಿಡಿದು ನಿಂತಿದ್ದವರು ಯಾರು, ಉಗ್ರಪ್ಪ?

ನಾನು ತಪ್ಪಿಸಿಕೊಳ್ಳುತ್ತಿಲ್ಲ. ಪತ್ರದ ವಿಷಯ ನೀನೇ ಬರೆದಿದ್ದೀಯ, ಸರಿ. ಬರೆಯದ ಇನ್ನೊಂದಿದೆ. ಅಕ್ಕ ಅವತ್ತು ಕೂಗಿದ್ದು ಏನು ಅಂತ ನಮ್ಮಿಬ್ಬರಿಗೂ ಗೊತ್ತು: ‘ಶೂಟಿಂಗ್ ಅಲ್ಲ ಕಣ್ರಪ್ಪಾ, ನಿಜವಾಗ್ಲೂ ಕೀಳ್ತಾವ್ರೆ.’ ಡಬ್ಬಿಂಗ್ ಹೊತ್ತಿಗೆ ಚನ್ನವೀರೇಶ್ ಈ ಮಾತು ಸಿನಿಮಾದಲ್ಲಿ ಇರೋ ಹಾಗಿಲ್ಲ, ಬೇರೆ ಬರಿ ಎಂದರು. ‘ಈ ಮಣ್ಣು ನನ್ನ ತಾಯಿ, ತಾಯೀನ ಯಾರಾದ್ರೂ ಖಾಲಿ ಮಾಡ್ತಾರಾ’ ಎಂದು ಬರೆದವನು ನಾನು. ನಾಟಕದ ನಟಿಯೊಬ್ಬಳು ಧ್ವನಿ ಕೊಟ್ಟಳು. ಫಲಕದ ಮೇಲಿರುವುದು ಅದೇ ಮಾತು. ತುಟಿ ಹೊಂದುವುದಿಲ್ಲ, ನೀನೇ ಎಷ್ಟು ಸಲ ತೋರಿಸಿ ಬೈದಿದ್ದೀಯ. ಅದು ಹೊಂದುವುದಾದರೂ ಹೇಗೆ.

ಲೇಖನವನ್ನು ಅಚ್ಚು ಹಾಕಿಸುತ್ತೇನೆ. ಆದರೆ ಪೂರ್ತಿ ಬರೆ. ನನ್ನ ಹೆಸರಿನ ಜೊತೆ ನಿನ್ನ ಹೆಸರನ್ನೂ ಬರೆ. ಅರ್ಧ ಬರೆಯುವುದಾದರೆ ನೀನೂ ಚನ್ನವೀರೇಶನ ಹಾಗೆ ಒಂದು ಒಳ್ಳೆಯ ಶಾಟ್ ತೆಗೆದಿದ್ದೀಯ, ಅಷ್ಟೇ.

ಜಂಬಣ್ಣ


ಕುರುಬರಹಳ್ಳಿ
2 ಜೂನ್ 2025

ಜಂಬಣ್ಣ,

ಐದು ವಾರ ಸುಮ್ಮನಿದ್ದೆ. ಮೊದಲ ವಾರ ನಿನ್ನ ಮನೆಗೆ ಬಂದು ಹೊಡೆಯಬೇಕು ಅನ್ನಿಸಿತು. ಹೊಸಹಳ್ಳಿ ಮೆಟ್ರೋ ತನಕ ಬಂದೂ ಇದ್ದೆ. ಅಲ್ಲಿ ಕೆಳಗೆ ಒಂದು ಟೀ ಕುಡಿದು ವಾಪಸ್ ಬಂದೆ.

ಅವತ್ತು ನಾನು ಹೋಗಬೇಕಿದ್ದದ್ದು ಫ್ಯಾಕ್ಟರಿ ಗೇಟಿಗೆ. ಐದು ನಿಮಿಷದ ದಾರಿ. ಪಾಳಿ ಬದಲಾಗುವ ಹೊತ್ತು, ಇನ್ನೂರು ಜನ ಅಲ್ಲೇ ನಿಂತಿದ್ದರು, ಎಲ್ಲರೂ ಯೂನಿಯನ್ನಿನವರು. ಒಂದು ಕೂಗು ಹಾಕಿದ್ದರೆ ಲಾರಿಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. ಅಕ್ಕ ನನಗೆ ಹೇಳಿದ್ದೂ ಅದನ್ನೇ, ‘ಗೇಟಿಗೆ ಓಗ್ಲಾ’ ಅಂತ. ನಾನು ಗೇಟು ದಾಟಿಕೊಂಡು ಗಾಂಧಿನಗರಕ್ಕೆ ತುಳಿದೆ. ಯಾಕೆ ಅಂದರೆ ನಾನು ಸಿನಿಮಾ ನೋಡಿ ನೋಡಿ ಕೆಟ್ಟಿದ್ದೆ. ಕ್ಯಾಮರಾ ಬಂದು ನಿಂತರೆ ಸರ್ಕಾರ ಹೆದರುತ್ತದೆ ಅಂದುಕೊಂಡಿದ್ದೆ. ‘ಮೂರನೇ ಪಾಳಿ’ ಮಾಡಿದ ಮನುಷ್ಯ ಇದನ್ನು ನೋಡಿ ಸುಮ್ಮನಿರಲಾರ ಅಂದುಕೊಂಡಿದ್ದೆ.

ವ್ಯಾನು ಕಂಡ ಕೂಡಲೇ ಅಧಿಕಾರಿಯ ಆಳುಗಳೇ ನಿರಾಳವಾದರು. ಗೇಟಿನ ಆ ಇನ್ನೂರು ಜನ ಆಗಷ್ಟೇ ಗಲಾಟೆ ಕೇಳಿ ಓಡಿಬಂದಿದ್ದರು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಂದವರಿದ್ದರು. ಕ್ಯಾಮರಾ ನೋಡಿ ‘ಓ, ಮತ್ತೆ ಶೂಟಿಂಗು’ ಎಂದು ಗೋಡೆ ಹತ್ತಿ ಕೂತರು. ನಾನು ಕರೆದುಕೊಂಡು ಬಂದ ಕ್ಯಾಮರಾ ಅವರನ್ನು ಅಲ್ಲೇ ನಿಲ್ಲಿಸಿತು.

ಚನ್ನವೀರೇಶ್ ನನ್ನ ಕೈಗೆ ಹಲಗೆ ಕೊಟ್ಟ. ‘ಹಿಡ್ಕೋ ಉಗ್ರಪ್ಪ, ಅಲ್ಲಾಡಿಸಬೇಡ’ ಎಂದ. ಹಿಡಿದೆ. ಕಣ್ಣಿಗೆ ಬೆಳಕು ರಾಚುತ್ತಿದ್ದುದರಿಂದ ಅಕ್ಕನಿಗೆ ಹಿಂದೆ ಯಾರಿದ್ದಾರೆ ಅಂತ ಕಾಣಲಿಲ್ಲ. ಮುಗಿದ ಮೇಲೆ ಹಲಗೆ ವ್ಯಾನಿನಲ್ಲಿಟ್ಟು, ಹಳಿ ಸುತ್ತಿಕೊಂಡು, ಅರ್ಧ ಗಂಟೆ ಬಿಟ್ಟು ಆಚೆ ಕಡೆಯಿಂದ ಬಂದೆ. ‘ಗೇಟಲ್ಲಿ ಯಾರೂ ಇರ್ಲಿಲ್ಲ ಅಕ್ಕ’ ಎಂದೆ. ಗೋಡೆಯ ಮೇಲೆ ಕೂತಿದ್ದ ಇನ್ನೂರು ಜನರನ್ನು ಅವಳು ಕಣ್ಣಾರೆ ನೋಡಿದ್ದಳು. ಆದರೂ ನನ್ನನ್ನು ನಂಬಿದಳು. ಸೆರಗಿನಲ್ಲಿ ನನ್ನ ಬೆವರು ಒರೆಸಿದಳು.

ನಲವತ್ತು ವರ್ಷ ಆ ಮನುಷ್ಯನನ್ನು ಬೈದೆ. ಗಟ್ಟಿಯಾಗಿ ಬೈದಷ್ಟೂ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಲೇಖನ ಪೂರ್ತಿ ಬರೆದಿದ್ದೇನೆ, ಆದರೆ ಅವಳಿಗೆ ಹೇಳದೆ ಅಚ್ಚಿಗೆ ಕೊಡಲಾರೆ. ಕಾಲೇಜಿನ ಹುಡುಗರು ಓದುವುದಕ್ಕಿಂತ ಮೊದಲು ಅವಳು ಕೇಳಬೇಕು. ಬರುವ ಭಾನುವಾರ ಹೋಗಬೇಕು ಎಂದು ಮೂರು ಭಾನುವಾರದಿಂದ ಅಂದುಕೊಳ್ಳುತ್ತಿದ್ದೇನೆ. ಹೋಗುತ್ತೇನೆ, ಉಣ್ಣುತ್ತೇನೆ, ಬರುತ್ತೇನೆ. ಆ ಬಾಗಿಲು ಮುಚ್ಚಿದರೆ ನನಗೆ ಬೇರೆ ಬಾಗಿಲಿಲ್ಲ ಕಣೋ.

ಉಗ್ರಪ್ಪ


ಮೂಡಲಪಾಳ್ಯ
20 ಜೂನ್ 2025

ಜಂಬಣ್ಣ ಮೇಷ್ಟ್ರಿಗೆ, ಅಂಜನಮ್ಮನ ಮಗಳು ಕಲಾ ಬರೆಯುವುದು.

ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಗೆ ಕರೆದುಕೊಂಡು ಹೋಗುತ್ತಿದ್ದಿರಿ ಅಂತ ಅಮ್ಮ ಹೇಳುತ್ತಾಳೆ. ನನಗೆ ನೆನಪಿಲ್ಲ. ನನಗೀಗ ನಲವತ್ತನಾಲ್ಕು, ಇಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆದು ಅಭ್ಯಾಸವಿಲ್ಲ. ಅಮ್ಮ ಹೇಳಿದ್ದನ್ನು ಬರೆಯುತ್ತಿದ್ದೇನೆ, ನಡುವೆ ನನ್ನದೂ ಸೇರಿದರೆ ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಹೋದ ಭಾನುವಾರ ಉಗ್ರಪ್ಪ ಮಾಮ ಬಂದರು. ಊಟಕ್ಕೆ ಕೂರಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡೇ ನಿಂತು ಹತ್ತು ಹಾಳೆ ತೆಗೆದು ಓದಿದರು. ಅಮ್ಮ ಒಲೆ ಆರಿಸಿ ಬಂದು ಕೂತು ಕೇಳಿದಳು. ಪುಸ್ತಕದ ಭಾಷೆ ಅವಳಿಗೆ ಅರ್ಧ ತಿಳಿಯಲಿಲ್ಲ. ಹಲಗೆಯ ವಿಷಯ ಬಂದಾಗ ಮಾಮನಿಗೆ ಓದಲಾಗಲಿಲ್ಲ, ಬಾಯಲ್ಲೇ ಹೇಳಿದರು.

ಅಮ್ಮ ಕೇಳಿದ್ದು ಒಂದೇ ಮಾತು. ‘ಅದನ್ನ ಕೆಳಗಿಟ್ಟು ನನ್ನ ಕೈ ಹಿಡ್ಕೊಂಡಿದ್ರೆ ಆಗ್ತಿರ್ಲಿಲ್ವೇನ್ಲಾ?’

ಮಾಮ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅವರು ನೆಲ ನೋಡಿಕೊಂಡು ‘ಶಾಟ್ ಕೆಟ್ಟೋಗುತ್ತೆ ಅನ್ನಿಸ್ತು ಅಕ್ಕ’ ಎಂದರು.

ಅಮ್ಮ ಎದ್ದು ಒಳಗೆ ಹೋದಳು. ಮಾಮ ಒಂದು ಗಂಟೆ ಬಾಗಿಲಲ್ಲೇ ನಿಂತಿದ್ದು ಹೊರಟರು. ಅವರಿಗೆ ಹಾಕಿಟ್ಟಿದ್ದ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಅಮ್ಮ ಸಂಜೆವರೆಗೂ ಅದನ್ನು ತೆಗೆಯುವುದಕ್ಕೆ ಬಿಡಲಿಲ್ಲ.

ಈಗ ಅಮ್ಮ ಹೇಳಿದ್ದು. ಮಾಮ ಆ ಹಾಳೆಗಳ ಜೊತೆ ತಂದಿದ್ದ ನಿಮ್ಮ ಒಪ್ಪಿಗೆ ಪತ್ರಕ್ಕೆ ಅವಳು ಸಹಿ ಹಾಕುವುದಿಲ್ಲ. ಅವಳ ಫೋಟೋ ಪುಸ್ತಕದ ಮೇಲೆ ಬರಬಾರದು. ಮಾಮನ ಲೇಖನವೂ ಬರಬಾರದು. ‘ಸಿನಿಮಾದವ್ರು ಒಂದ್ಸಲ ನನ್ನ ಮುಖ ತಗೊಂಡ್ರು, ಮೇಷ್ಟ್ರು ನನ್ನ ಮಾತು ತಗೊಂಡ್ರು. ಈಗ ತಪ್ಪಾಯ್ತು ಅಂತ ಬರ್ಯೋಕೂ ನಾನೇ ಬೇಕಾ’ ಎಂದಳು. ಇದನ್ನು ಹಾಗೇ ಬರೆ, ಮೇಷ್ಟ್ರು ತಿದ್ದದ ಹಾಗೆ ಬರೆ ಅಂದಳು.

ಇನ್ನು ಮುಂದಿನದು ನನ್ನದು. ಆ ಸಿನಿಮಾ ಬಂದಾಗ ಅಮ್ಮ ಒಂದು ಸಲ ನೋಡಿದ್ದಳು. ತನ್ನ ಬಾಯಲ್ಲಿ ಬೇರೆ ಹೆಂಗಸು ಮಾತಾಡುತ್ತಿದ್ದಾಳೆ ಎಂದು ಅರ್ಧಕ್ಕೇ ಎದ್ದು ಬಂದಳಂತೆ. ಆಮೇಲೆ ಮೂರು ವರ್ಷ ನಾವು ಮಾಗಡಿ ರಸ್ತೆಯಲ್ಲಿ ಒಂದು ಮರದ ಡಿಪೋ ಹಿಂದೆ ಇದ್ದೆವು. ನನಗೆ ಅಲ್ಲಿನ ಮರದ ಪುಡಿಯ ವಾಸನೆ ನೆನಪಿದೆ. ಅದರ ಬಗ್ಗೆ ಯಾರೂ ಸಿನಿಮಾ ತೆಗೆಯಲಿಲ್ಲ. ತೆಗೆಯದಿದ್ದದ್ದೇ ಒಳ್ಳೆಯದಾಯಿತು.

ಕಲಾ


ವಿಜಯನಗರ
30 ಜುಲೈ 2025

ಉಗ್ರಪ್ಪ,

ಕಲಾಳ ಕಾಗದವನ್ನು ಸಮಿತಿಯ ಸಭೆಯಲ್ಲಿ ಓದಿದೆ. ಒಂದಕ್ಷರ ತಿದ್ದಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಕೇಳಿದ ಮೇಲೆ ಕಾರ್ಯದರ್ಶಿ ವೆಂಕಟೇಶ್, ಕಾಗದ ಬಹಳ ಚೆನ್ನಾಗಿದೆ ಸಾರ್, ಇದನ್ನೇ ಗ್ರಂಥದಲ್ಲಿ ಹಾಕಬಹುದಲ್ಲ ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಮೂವತ್ತು ವರ್ಷ ನಾನು ಪಾಠ ಹೇಳಿದ್ದು ಇಂಥವರಿಗೇ.

ಚನ್ನವೀರೇಶ್ ಮನೆಗೂ ಹೋಗಿದ್ದೆ. ಈಗ ಅವರಿಗೆ ಸರಿಯಾಗಿ ನೆನಪು ನಿಲ್ಲುವುದಿಲ್ಲ. ಅಂಜನಮ್ಮ ಎಂದರೆ ಯಾವ ಪಾತ್ರ ಎಂದು ಕೇಳಿದರು. ಆಮೇಲೆ ನೆನಪಾಗಿ, ‘ಆ ಬೆಳಕು, ಜಂಬಣ್ಣ, ಆ ಬೆಳಕು ಮತ್ತೆ ನನಗೆ ಸಿಗಲೇ ಇಲ್ಲ’ ಎಂದು ಅತ್ತರು.

ಚಿತ್ರದ ಹಕ್ಕು ನಿರ್ಮಾಪಕರದಂತೆ, ಸಹಿ ಬೇಕೇ ಇಲ್ಲವಂತೆ. ಮುಖಪುಟ ಬದಲಾಗುವುದಿಲ್ಲ. ನಾನು ಸಂಪಾದಕತ್ವ ಬಿಟ್ಟೆ. ಅದರಿಂದ ಏನೂ ನಿಲ್ಲಲಿಲ್ಲ, ನನ್ನ ಹೆಸರಿದ್ದ ಜಾಗದಲ್ಲಿ ಬೇರೆ ಹೆಸರು ಬಂತು. ಆಗಸ್ಟ್ ಹತ್ತಕ್ಕೆ ಬಸವೇಶ್ವರನಗರದಲ್ಲಿ ಬಿಡುಗಡೆ. ಕರಪತ್ರ ಹಂಚೋಣವೇ ಎಂದು ಯೋಚಿಸಿದೆ. ಅದನ್ನೂ ನಾನೇ ಬರೆಯಬೇಕು, ಅದರಲ್ಲೂ ಅಕ್ಕನೇ ಇರಬೇಕು. ಬರೆಯಲಿಲ್ಲ.

ಅಕ್ಕ ನಿನ್ನನ್ನು ಮತ್ತೆ ಒಳಗೆ ಕರೆದರೇ? ಅದೊಂದು ತಿಳಿಸು.

ಜಂಬಣ್ಣ


ಕುರುಬರಹಳ್ಳಿ
18 ಆಗಸ್ಟ್ 2025

ಜಂಬಣ್ಣ,

ಎಂಟು ಭಾನುವಾರ ಹೋಗಲಿಲ್ಲ. ಎಂಟನೆಯ ಭಾನುವಾರ ರಾತ್ರಿ ಕಲಾ ಫೋನ್ ಮಾಡಿ, ಅಮ್ಮ ಬಾ ಅಂತಿದ್ದಾಳೆ, ಆದರೆ ಸಿನಿಮಾ ಮಾತಾಡಬಾರದಂತೆ ಎಂದಳು. ನಿನ್ನೆ ಒಂಬತ್ತನೆಯದು, ಹೋದೆ. ಪುಸ್ತಕ ಬಿಡುಗಡೆಯಾಗಿ ವಾರವಾಗಿತ್ತು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಜೋಡಿಸಿಟ್ಟಿದ್ದರು, ಹತ್ತು ಸಲ ಅದೇ ಮುಖ ಸಾಲಾಗಿ. ನಾನು ಆಚೆ ಬದಿಯ ಫುಟ್‌ಪಾತ್ ಹಿಡಿದೆ.

ಅಕ್ಕ ತಟ್ಟೆ ಇಟ್ಟಳು, ಮುದ್ದೆ ಹಾಕಿದಳು. ಉಂಡೆ. ಆಮೇಲೆ ಏನು ಮಾತಾಡುವುದು ಅಂತ ತಿಳಿಯಲಿಲ್ಲ. ಐವತ್ತು ವರ್ಷ ಅಕ್ಕನ ಮುಂದೆ ನಾನು ಆಡಿದ್ದೆಲ್ಲ ಸಿನಿಮಾ ಮಾತೇ. ಬೆನ್ನು ನೋವು ಹೇಗಿದೆ ಎಂದು ಕೇಳಿದೆ. ಬೆನ್ನಲ್ಲ, ಮಂಡಿ, ಎಂಟು ವರ್ಷ ಆಯ್ತು ಎಂದಳು ಕಲಾ, ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ.

ಅಕ್ಕ ಸೊಪ್ಪು ಸೋಸುತ್ತಿದ್ದಳು. ಒಂದು ಕಂತೆ ಮುಗಿಸಿ, ‘ಉಗ್ರ, ಮೂವತ್ನಾಕು ಮನೆ ಇದ್ವಲ್ಲ. ಅವ್ರೆಲ್ಲ ಎಲ್ಲೋದ್ರು ಗೊತ್ತೇನ್ಲಾ ನಿಂಗೆ?’ ಎಂದಳು.

ಗೊತ್ತಿಲ್ಲ ಎಂದೆ.

ಒಬ್ಬಳು ಕೆಂಗೇರಿ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಾ ಸತ್ತಳಂತೆ. ಒಂದು ಸಂಸಾರ ಸುಂಕದಕಟ್ಟೆಯಲ್ಲಿದೆಯಂತೆ. ಪಕ್ಕದ ಗುಡಿಸಲ ಕಮಲಾಕ್ಷಮ್ಮ ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಸಿಕ್ಕಿ, ಗುರುತು ಹಿಡಿದು, ಮಾತಾಡಿಸದೆ ಇಳಿದುಹೋದಳಂತೆ. ನಮ್ಮ ಮಾತು ಕೇಳಿ ಮನೆ ಬಿಚ್ಚಿದವಳು ಅವಳು, ಇನ್ನು ಏನಂತ ಮಾತಾಡಿಸ್ತಾಳೆ ಎಂದಳು ಅಕ್ಕ. ಅವಳಿಗೆ ಗೊತ್ತಿದ್ದದ್ದು ಈ ಮೂರು. ಮಿಕ್ಕವರ ಹೆಸರು ಹೇಳು ನೋಡಾನ ಎಂದಳು. ಕಲಾ ಮೆಷಿನ್ ನಿಲ್ಲಿಸಿ ನೋಡುತ್ತಿದ್ದಳು. ನಾನು ಬೆರಳು ಮಡಿಸುತ್ತಾ ಹೋದೆ. ಒಂಬತ್ತಕ್ಕೆ ನಿಂತೆ. ಅಕ್ಕ ಕಾದಳು, ಅವಸರ ಮಾಡಲಿಲ್ಲ. ಹತ್ತನೆಯದು ಬರಲೇ ಇಲ್ಲ.

ಮನೆಗೆ ಬಂದ ಮೇಲೂ ಕೂತು ಪ್ರಯತ್ನಪಟ್ಟೆ ಜಂಬಣ್ಣ. ಒಂಬತ್ತೇ. ‘ನೆಲಸಮ’ದ ಟೈಟಲ್ ಕಾರ್ಡಿನಲ್ಲಿ ನಲವತ್ತೊಂದು ಹೆಸರಿವೆ. ಕ್ಯಾಮರಾಕ್ಕೆ ಎಣ್ಣೆ ಹಾಕಿದವನಿಂದ ಹಿಡಿದು ಅಷ್ಟನ್ನೂ, ಬಂದ ಕ್ರಮದಲ್ಲೇ, ಈಗಲೂ ಒಂದೂ ಬಿಡದೆ ಹೇಳಬಲ್ಲೆ.

ಉಗ್ರಪ್ಪ